ಸರ್ವಿಸ್ ಸೆಂಟರಿಗೆ ಮೂರು ಸ್ಟಾರ್, ಅದೂ ಒಬ್ರು ಟೆಕ್ನಿಷಿಯನ್ ಮುಖ ನೋಡಿ

ಹಾಸನದಲ್ಲಿರೋ ನಮ್ ಕಾರ್ ಕಂಪನಿ ಸರ್ವಿಸ್ ಸೆಂಟರ್ ಬಗ್ಗೆ ಬರೀತಿದೀನಿ, ಹೆಸರು ಹಾಕಲ್ಲ. ವಾಷಿಂಗ್ ಚೆನ್ನಾಗ್ ಮಾಡ್ತಾರೆ, ಹೇಳಿದ್ ಟೈಮಿಗೆ ಗಾಡಿ ಕೊಡ್ತಾರೆ, ಕೂರೋಕೆ ಎಸಿ ರೂಮ್ ಇದೆ (ಕಾಫಿ ಮಾತ್ರ ಮಿಷಿನ್‌ದು, ಕಾಫಿ ಬೆಳೆಯೋ ಜಿಲ್ಲೇಲಿ ಇದ್ಕೊಂಡು ಅಂಥ ನೀರು ಕೊಡೋಕೆ ಮನಸ್ಸಾದ್ರೂ ಹೆಂಗ್ ಬರುತ್ತೋ). ಆದ್ರೆ ಗಾಡೀಲಿ ಎಲೆಕ್ಟ್ರಾನಿಕ್ಸ್ ಕಂಪ್ಲೇಂಟ್ ಇದ್ರೆ ಕೌಂಟರಲ್ಲಿರೋ ಅಡ್ವೈಸರ್ ಮಾತ್ ಕೇಳ್ಕೊಂಡು ವಾಪಸ್ ಬರ್ಬೇಡಿ.

ಆಗಿದ್ದೇನಂದ್ರೆ, ಧರ್ಮಸ್ಥಳಕ್ಕೆ ಹೊರಟಿದ್ವಿ, ಸಕಲೇಶಪುರ ದಾಟಿ ದೋಣಿಗಾಲ್ ಆದ್ಮೇಲೆ ಶಿರಾಡಿ ಘಾಟ್ ಇಳೀತಾ ಒಂದು ತಿರುವಲ್ಲಿ ಸ್ಟೀರಿಂಗ್ ತಿರುಗಿಸ್ತಿದ್ದಂಗೇ ಎಬಿಎಸ್, ಏರ್‌ಬ್ಯಾಗ್, ಚೆಕ್ ಇಂಜಿನ್ ಅಂತ ಡ್ಯಾಶ್‌ಬೋರ್ಡ್ ಲೈಟೆಲ್ಲಾ ಒಟ್ಟಿಗೆ ಹತ್ಕೊಂಡ್ವು, ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬಿತ್ತು, ಸ್ಟೀರಿಂಗ್ ಕಲ್ಲಾಯ್ತು, ಇಂಜಿನ್ನೂ ಆಫ್. ಹಿಂದೆ ಟ್ಯಾಂಕರ್ ಬೇರೆ. ಇಂಜಿನ್ ಆಫ್ ಆದ್ರೂ ಬ್ರೇಕ್ ಬೂಸ್ಟರಲ್ಲಿ (ಪೆಡಲ್ ಹಗುರ ಮಾಡೋ ಡಬ್ಬ) ಉಳಿದಿರೋ ವ್ಯಾಕ್ಯೂಮಿಗೆ ಎರಡ್ಮೂರು ಸಲ ಬ್ರೇಕ್ ಹಿಡಿಯುತ್ತೆ, ಪದೇ ಪದೇ ತುಳಿದ್ರೆ ಅದೂ ಖಾಲಿ, ಹಂಗಾಗಿ ಗೇರಲ್ಲೇ ಬಿಟ್ಟು ಒಂದೇ ಸಲ ಒತ್ತಿ ಹಿಡ್ಕೊಂಡು ಎರಡೂ ಕೈಲಿ ಸ್ಟೀರಿಂಗ್ ಎಳೆದು ಎಡಕ್ಕೆ ಹಾಕ್ದೆ. ಅಮ್ಮ ಹಿಂದಿನ ಸೀಟಲ್ಲಿ ಮಂಜುನಾಥಾ ಅಂದಿದ್ದಷ್ಟೇ, ಗುಂಡ್ಯ ಬರೋ ತನಕ ಬಾಯೇ ಬಿಡ್ಲಿಲ್ಲ. ಮಜಾ ಏನಂದ್ರೆ ಆಫ್ ಮಾಡಿ ಆನ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್ ಆಯ್ತು.

ಊರಿಗೆ ಬಂದು ಸರ್ವಿಸ್ ಸೆಂಟರಿಗೆ ಕೊಟ್ರೆ ಸ್ಕ್ಯಾನರ್ ಹಾಕಿ ಗಾಡಿ ತಾನೇ ಬರೆದಿಟ್ಕೊಂಡಿರೋ ಫಾಲ್ಟ್ ಕೋಡ್ ಎಲ್ಲಾ ಅಳಿಸಿ, ಸಾಫ್ಟ್‌ವೇರ್ ಅಪ್‌ಡೇಟ್ ಅಂತ ಬಿಲ್ ಮಾಡಿ, ಏನೂ ಪ್ರಾಬ್ಲಮ್ ಇಲ್ಲ ಸಾರ್ ಆರಾಮಾಗಿ ಓಡ್ಸಿ ಅಂದ್ರು. ಯಾವ್ ಕೋಡ್ ಇತ್ತು ಅಂದ್ರೆ ಅಳಿಸಿಬಿಟ್ವಲ್ಲ ಸಾರ್ ಅಂತೆ! ನಂಗೆ ಉರಿದಿದ್ದೇ ಇಲ್ಲಿ. ಇಂಥ ಬಂದು ಹೋಗೋ ಕಂಪ್ಲೇಂಟಿಗೆ ಆ ಕೋಡೇ ಸಾಕ್ಷಿ, ಗಾಡಿ ಒಳಗಿನ ಯಾವ ಕಂಟ್ರೋಲರ್ (ಪುಟ್ಟ ಕಂಪ್ಯೂಟರ್) ಯಾವುದರ ಜೊತೆ ಮಾತು ನಿಲ್ಲಿಸ್ತು, ಆಗ ವೋಲ್ಟೇಜ್ ಎಷ್ಟಿತ್ತು ಅಂತ ಎಷ್ಟೋ ಸಲ ಅದ್ರಲ್ಲೇ ಸಿಗುತ್ತೆ.

ನಾಲ್ಕು ದಿನ ಆಗೋದ್ರೊಳಗೆ ಎನ್.ಆರ್. ಸರ್ಕಲ್ ಹತ್ರ ಪಾರ್ಕಿಂಗಿಂದ ತೆಗೀವಾಗ ಮತ್ತೆ ಅದೇ ಕಥೆ. ಈ ಸಲ ನಾನು ಹಠ ಹಿಡಿದು ಒಳಗೆ ಕೆಲಸ ಮಾಡೋರನ್ನೇ ಕರೆಸಿ ಅಂದೆ. ವಯಸ್ಸಾದ ಟೆಕ್ನಿಷಿಯನ್ ಒಬ್ರು ಬಂದು ಕೇಳಿದ್ ಮೊದಲ್ನೇ ಪ್ರಶ್ನೆ, ಸ್ಟೀರಿಂಗ್ ತಿರುಗ್ಸೋವಾಗಲೇ ಆಗುತ್ತಾ ಅಂತ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಮೋಟರ್ ಪೂರ್ತಿ ತಿರುಗಿಸ್ದಾಗ ಜಾಸ್ತಿ ಕರೆಂಟ್ ಎಳೆಯುತ್ತಂತೆ, ಎಲ್ಲಾದ್ರೂ ವೈರ್ ಕೆಟ್ಟಿದ್ರೆ ಆಗ್ಲೇ ಕಂಟ್ರೋಲರಿಗೆ ವೋಲ್ಟೇಜ್ ಸಾಲಲ್ವಂತೆ. ಇಂಜಿನ್ ಸ್ಟಾರ್ಟಲ್ಲಿಟ್ಟು ಹೆಡ್‌ಲೈಟ್, ಬ್ಲೋವರ್ ಎಲ್ಲಾ ಆನ್ ಮಾಡ್ಸಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ ಇನ್ನೊಂದು ಬಾಡಿಗೆ ಇಟ್ಕೊಂಡು, ಈಗ ಸ್ಟೀರಿಂಗ್ ಕೊನೇ ತನಕ ತಿರುಗ್ಸಿ ಅಂದ್ರು. ಆ ಎರಡರ ಮಧ್ಯೆ 0.2 ವೋಲ್ಟ್ ದಾಟಬಾರದಂತೆ, ಮೀಟರಲ್ಲಿ ಒಂದೂವರೆ ಹತ್ರ ತೋರಿಸ್ತು. ಬ್ಯಾಟರಿ ಮೈನಸ್ಸಿಂದ ಬಾಡಿಗೆ ಹೋಗೋ ಅರ್ಥಿಂಗ್ ವೈರ್ ಬಿಚ್ಚಿದ್ರೆ ಬೋಲ್ಟ್ ಕೆಳಗೆ ತುಕ್ಕು, ಕವರ್ ಸೀಳಿದ್ರೆ ತಾಮ್ರ ಹಸಿರು ಪುಡಿಯಾಗಿ ಅಂಗೈ ಮೇಲೆ ಉದುರ್ತು, ಗಟ್ಟಿಯಾಗಿದ್ದಿದ್ದು ಒಂದೆರಡು ಎಳೆ. ಗಾಡಿ ಆಫ್ ಇದ್ದಾಗ ಸುಮ್ನೆ ಕಂಟಿನ್ಯುಟಿ (ವೈರ್ ಕಡಿದಿದ್ಯಾ ಇಲ್ವಾ ಅಂತ) ನೋಡಿದ್ರೆ ಆ ಒಂದೆರಡು ಎಳೆಗೇ ಮೀಟರ್ ಬೀಪ್ ಅನ್ನುತ್ತೆ, ಲೋಡ್ ಕೊಟ್ರೆ, ಅಂದ್ರೆ ಜಾಸ್ತಿ ಕರೆಂಟ್ ಹರಿಸಿದ್ರೆ ಮಾತ್ರ ಬಣ್ಣ ಬಯಲಾಗೋದು.

ಹೊಸ ವೈರ್, ಲೇಬರ್ ಎಲ್ಲಾ ಸೇರಿ ಮೊದಲ್ನೇ ಬಿಲ್ಲಿನ ಅರ್ಧಾನೂ ಆಗ್ಲಿಲ್ಲ. ಆಮೇಲೆ ಚಾರ್ಮಾಡಿ ಘಾಟಲ್ಲೂ ಇಳಿಸಿ ನೋಡಿದೀನಿ, ತೊಂದ್ರೆ ಇಲ್ಲ.

ನೀವು ಇದೇ ಸೆಂಟರಿಗೆ ಹೋಗೋದಾದ್ರೆ ಕೋಡ್ ಅಳಿಸೋ ಮುಂಚೆ ಸ್ಕ್ಯಾನ್ ರಿಪೋರ್ಟ್ ಪ್ರಿಂಟ್ ಇಸ್ಕೊಳಿ, ಇಲ್ಲಾಂದ್ರೆ ಸ್ಕ್ರೀನ್ ಫೋಟೋನಾದ್ರೂ ತಗೊಳಿ, ಮುಖ ಗಂಟು ಹಾಕ್ತಾರೆ, ಹಾಕ್ಲಿ ಬಿಡಿ. ಸಾಫ್ಟ್‌ವೇರ್ ಅಪ್‌ಡೇಟ್ ದುಡ್ಡು ವಾಪಸ್ ಕೊಡಿ ಅಂತ ಮ್ಯಾನೇಜರ್ ಹತ್ರ ಕೇಳಿದೀನಿ, ನೋಡಾಣ ಸಾರ್ ಅಂದವ್ರೆ, ಕೊಟ್ರೆ ಇನ್ನೊಂದು ಸ್ಟಾರ್ ಹಾಕ್ತೀನಿ.