ರಾತ್ರಿ ಕಟ್ಟುವ ರಿಸ್ಟ್ ಸ್ಪ್ಲಿಂಟ್: ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಮಣಿಕಟ್ಟು ಮಡಚದಂತೆ ಹಿಡಿದಿಡುವ ಈ ಕಟ್ಟು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸಾಮಾನು. ಆದರೆ ಅಂಗಡಿಯಿಂದ ತಂದ ಹಾಗೇ ಕಟ್ಟಿಕೊಳ್ಳಬೇಡಿ.

ಬ್ಲೌಸ್ ಹೊಲಿಯುವುದು, ಸೀರೆಗೆ ಕುಚ್ಚು ಕಟ್ಟುವುದು ನನ್ನ ಕಸುಬು. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಕತ್ತರಿ ಕೆಳಗಿಡಲು ಪುರುಸೊತ್ತಿರುವುದಿಲ್ಲ. ಅಂಥ ಒಂದು ಸೀಸನ್ನಿನಲ್ಲಿ ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯತೊಡಗಿದವು. ಕಿರುಬೆರಳಿಗೆ ಮಾತ್ರ ಏನೂ ಇಲ್ಲ. ನಡುರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಸ್ವಲ್ಪ ಹಿತ. ಇಷ್ಟು ಕೇಳಿದ್ದೇ ಡಾಕ್ಟರು ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆ, ಇರಬೇಕು ಎಂದರು, ನರದ ಪರೀಕ್ಷೆಯಲ್ಲೂ ಅದೇ ಬಂತು. ಜೊತೆಗೆ ಥೈರಾಯ್ಡ್, ಶುಗರ್ ಎರಡನ್ನೂ ನೋಡಿಸಿದರು. ಅವುಗಳಲ್ಲಿ ಏರುಪೇರಿದ್ದವರಿಗೆ ಈ ತೊಂದರೆ ಬೇಗ ಅಂಟಿಕೊಳ್ಳುತ್ತದೆ.

ಮಣಿಕಟ್ಟಿನ ಮೂಳೆಗಳಿಗೂ ಅವುಗಳ ಮೇಲೆ ಬಿಗಿದಿರುವ ಗಟ್ಟಿ ಪಟ್ಟಿಗೂ ನಡುವೆ ಇಕ್ಕಟ್ಟಾದ ದಾರಿಯೊಂದಿದೆ. ಬೆರಳು ಮಡಚುವ 9 ಸ್ನಾಯುರಜ್ಜುಗಳು, ಜೋಮು ಹಿಡಿದ ಆ ಬೆರಳುಗಳಿಗೆ ಹೋಗುವ ಮೀಡಿಯನ್ ನರ, ಎಲ್ಲವೂ ಅದರೊಳಗೇ ಹಾಯಬೇಕು. ಕೈ ಒಳಕ್ಕೆ ಮಡಚಿದರೂ ಹಿಂದಕ್ಕೆ ಬಾಗಿದರೂ ಅಲ್ಲಿ ಒತ್ತಡ ಏರುತ್ತದೆ. ನಿದ್ದೆಯಲ್ಲಿ ಕೈ ಮಡಚಿಕೊಂಡು ಮಲಗುವುದು ನಮಗೆ ಗೊತ್ತೇ ಆಗುವುದಿಲ್ಲ. ಅದನ್ನು ತಡೆಯುವುದಷ್ಟೇ ಸ್ಪ್ಲಿಂಟ್‌ನ ಕೆಲಸ.

ಅದಕ್ಕೇ ಒಳಗಿನ ಅಲ್ಯೂಮಿನಿಯಂ ಪಟ್ಟಿ ನೋಡಿ ಎನ್ನುವುದು. ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ಪ್ಲಿಂಟ್‌ಗಳಲ್ಲಿ ಅದು ಹಿಂದಕ್ಕೆ ಬಾಗಿರುತ್ತದೆ. ಕಟ್ಟಿಕೊಂಡರೆ ಅಂಗೈ ಮೇಲೆದ್ದು ನಿಲ್ಲುತ್ತದೆ. ನಮಗೆ ಬೇಕಾದದ್ದು ನೇರ ಮಣಿಕಟ್ಟು. ಫಿಸಿಯೋಥೆರಪಿಸ್ಟ್ ನನ್ನ ಎದುರಿಗೇ ಪಟ್ಟಿಯನ್ನು ಅದರ ಜೇಬಿನಿಂದ ಎಳೆದು, ಮೇಜಿನ ಅಂಚಿಗೆ ಒತ್ತಿ ನೇರ ಮಾಡಿ, ಮತ್ತೆ ತೂರಿಸಿ ಕೊಟ್ಟರು. ಕಟ್ಟಿದಾಗ ಮುಂಗೈ, ಹಸ್ತ ಒಂದೇ ಗೆರೆಯಲ್ಲಿದ್ದವು. ಸ್ಪ್ಲಿಂಟ್‌ನ ಅಂಚು ಅಂಗೈಯಲ್ಲಿ ಬೆರಳುಗಳ ಬುಡಕ್ಕೆ ಹತ್ತಿರದ ಗೆರೆ ದಾಟಬಾರದು, ಬೆರಳೆಲ್ಲ ಮಡಚಲು ಬರಬೇಕು. ಬಿಗಿಯುವ ವೆಲ್ಕ್ರೋ ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ತೂರಬೇಕು. ಬಿಗಿದು ಕಟ್ಟಿದರೆ ಒತ್ತಡ ಇನ್ನೂ ಹೆಚ್ಚಾಗುತ್ತದೆ.

ಕನಿಷ್ಠ 6 ವಾರ ತಪ್ಪದೆ ಕಟ್ಟಿ ಎಂದಿದ್ದರು. ಮೊದಲ ಕೆಲವು ರಾತ್ರಿ ಕಿರಿಕಿರಿಯೇ. ತಿಂಗಳು ತುಂಬುವಷ್ಟರಲ್ಲಿ ಬೆಳಗಿನವರೆಗೂ ನಿದ್ದೆ ಬರತೊಡಗಿತು. ಎಷ್ಟು ನೆಮ್ಮದಿ ಅಂದರೆ, ನೋವಿನಲ್ಲಿ ನಿದ್ದೆಗೆಟ್ಟವರಿಗೇ ಅದು ಗೊತ್ತು. ಈಗ ಕೆಲಸ ಹೆಚ್ಚಿರುವ ತಿಂಗಳುಗಳಲ್ಲಿ ಮಾತ್ರ ಕಟ್ಟುತ್ತೇನೆ.

ಕುಂದುಗಳೂ ಇವೆ. ಬೇಸಿಗೆಯಲ್ಲಿ ಬೆವತು ಅದರ ಒಳಗಿನ ಬಟ್ಟೆ ವಾಸನೆ ಬರುತ್ತದೆ, ಅಲ್ಯೂಮಿನಿಯಂ ಪಟ್ಟಿ ತೆಗೆದು ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಬೇಕು. ವೆಲ್ಕ್ರೋ ಹೊದಿಕೆಯ ನೂಲನ್ನೆಲ್ಲ ಎಳೆದುಕೊಂಡು ವರ್ಷದೊಳಗೆ ಹಿಡಿತ ಕಳೆದುಕೊಂಡಿತು. ಟೈಲರಿಂಗ್ ಸಾಮಾನಿನ ಅಂಗಡಿಯಿಂದ ಮೀಟರ್ ಲೆಕ್ಕದ ವೆಲ್ಕ್ರೋ ತಂದು ನಾನೇ ಹೊಲಿದೆ, ಅದಿನ್ನೂ ಗಟ್ಟಿಯಾಗಿದೆ.

ಹಗಲು ಹೊಲಿಯುವಾಗ ನಾನು ಇದನ್ನು ಕಟ್ಟುವುದಿಲ್ಲ. ಕೈ ಅದರ ವಿರುದ್ಧ ಎಳೆದಾಡಿ ಭುಜ ನೋಯುತ್ತದೆ. ಅದರ ಬದಲು ಕತ್ತರಿಗೆ ಆಗಾಗ ಸಾಣೆ ಹಿಡಿಸುತ್ತೇನೆ. ಮೊಂಡು ಕತ್ತರಿಯಲ್ಲಿ ಲೈನಿಂಗ್ ಸೇರಿಸಿ ಕತ್ತರಿಸುವಷ್ಟು ಒತ್ತಡ ಬೇರಾವ ಕೆಲಸದಲ್ಲೂ ಬೀಳುವುದಿಲ್ಲ. ಕೈ ಹೊಲಿಗೆಯನ್ನು ಒಂದೇ ಸಮನೆ ಮಾಡದೆ ನಡುವೆ ಇಸ್ತ್ರಿ, ಅಳತೆ ಎಂದು ಬದಲಾಯಿಸಿಕೊಳ್ಳುತ್ತೇನೆ.

ಬಸುರಿಯರಿಗೆ ಬರುವ ಜೋಮು ಬಹುಪಾಲು ಹೆರಿಗೆಯ ನಂತರ ಇಳಿಯುತ್ತದೆ, ಅಲ್ಲಿಯವರೆಗೆ ಸ್ಪ್ಲಿಂಟ್ ಸಾಕಾಗಬಹುದು. ಆದರೆ ಹೆಬ್ಬೆರಳ ಬುಡದ ಉಬ್ಬು ಸೊರಗಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ, ಜೋಮು ಹಗಲೂ ರಾತ್ರಿ ಬಿಡದಿದ್ದರೆ ಇದನ್ನು ಕೊಂಡು ಕಾಯುತ್ತ ಕೂರಬೇಡಿ, ಡಾಕ್ಟರ ಬಳಿ ಹೋಗಿ. ನನ್ನ ಜೊತೆ ಕುಚ್ಚು ಕಟ್ಟುವ ಅಕ್ಕ ಒಬ್ಬರು ಹೀಗೇ ಕಾದರು. ಆಪರೇಷನ್ ಮಾಡಿ ಮಣಿಕಟ್ಟಿನೊಳಗಿನ ಆ ಗಟ್ಟಿ ಪಟ್ಟಿ ಬಿಡಿಸಿದ ಮೇಲೆ ಜೋಮು ಹೋಯಿತು. ಸಣ್ಣ ಮಣಿ ಹಿಡಿದು ಪೋಣಿಸುವ ಬಲ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.