ವಿಜಯಪುರದ ಬೋರ್ ನೀರು, ಮಲಾವಿ ಸಿಕ್ಲಿಡ್ ಮತ್ತು ಕ್ಯಾನಿಸ್ಟರ್ ಫಿಲ್ಟರ್: ಎರಡು ವರ್ಷದ ಬಳಕೆಯ ನಂತರ

ಅಂಕ: 5ಕ್ಕೆ 4

ಟ್ಯಾಂಕ್ 36×15×18 ಇಂಚಿನದು, 8 ಮಿ.ಮೀ. ಗಾಜು. ಉಸುಕು, ಕಲ್ಲು ಕಳೆದು ಸುಮಾರು 140 ಲೀಟರ್ ನೀರು, ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಎಂಬ ಬಣ್ಣದ ಮೀನು ಹನ್ನೆರಡು. ಕೆಳಗಿನ ಕಪಾಟಿನಲ್ಲಿ ‘ತಾಸಿಗೆ 1,000 ಲೀಟರ್’ ಎಂದು ಡಬ್ಬಿಯ ಮೇಲೆ ಬರೆದ ಕ್ಯಾನಿಸ್ಟರ್ ಫಿಲ್ಟರ್, ಅಂದರೆ ಟ್ಯಾಂಕಿನ ನೀರನ್ನು ಪೈಪಿನಿಂದ ಎಳೆದು ಸೋಸಿ ತಿರುಗಿ ಬಿಡುವ ಮುಚ್ಚಿದ ಡಬ್ಬಿ. ಎರಡು ವರ್ಷದಿಂದ ಹಗಲೂ ರಾತ್ರಿ ಓಡುತ್ತಿದೆ, ನೀರು ಗಾಜಿನಷ್ಟು ತಿಳಿ. ಕಳೆದ ಒಂದು ಅಂಕ ಕರೆಂಟ್ ಹೋದಾಗಿನ ಅಪಾಯಕ್ಕೆ. ಹೊಸಬರಿಗೆ ಅಂಗಡಿಯಲ್ಲಿ ಯಾರೂ ಹೇಳದ ಸಂಗತಿಯೂ ಅದೇ.

ಮೊದಲು ನೀರಿನ ಮಾತು. ಮಲಾವಿ ಸರೋವರದ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) 7.7ರಿಂದ 8.6. ನಮ್ಮ ಕರಿಕಲ್ಲು ನೆಲದ ಬೋರ್ ನೀರು ಗಡಸು, ಬಕೆಟ್ಟಿಗೆ ಬಿಳಿ ಪೊರೆ ಕಟ್ಟುವಂಥದ್ದು. ಬೇರೆ ಮೀನಿಗೆ ತ್ರಾಸು ಕೊಡುವ ಈ ನೀರು ಮಲಾವಿ ಮೀನಿಗೆ ಹೇಳಿ ಮಾಡಿಸಿದಂತಿದೆ. ಪಿಎಚ್ ಏರಿಸುವ ಪುಡಿ, ಉಪ್ಪು ಯಾವುದಕ್ಕೂ ದುಡ್ಡು ಹಾಕಬೇಡಿ. ನೈಟ್ರೇಟ್ ಮಾತ್ರ ಒಮ್ಮೆ ಟೆಸ್ಟ್ ಮಾಡಿ, ಕೆಲವು ಬೋರ್‌ಗಳಲ್ಲಿ ಅದು ಮೊದಲೇ ಹೆಚ್ಚಿರುತ್ತದೆ. ನಳದ ನೀರಾದರೆ ಕ್ಲೋರಿನ್ ತೆಗೆಯುವ ಔಷಧಿ ಬೇಕೇ ಬೇಕು.

ಆದರೆ ಮೀನಿನ ಹೊಲಸಿನಿಂದ ನೀರಲ್ಲಿ ಅಮೋನಿಯಾ ಹುಟ್ಟುತ್ತದೆ, ಪಿಎಚ್ ಏರಿದಷ್ಟೂ ಅದರ ವಿಷ ಜಾಸ್ತಿ. 7ರಲ್ಲಿ ಮೀನು ತಡೆದುಕೊಳ್ಳುವ ಪ್ರಮಾಣ 8.2ರಲ್ಲಿ ಕೊಲ್ಲಬಹುದು. ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಕಡಿಮೆ ವಿಷದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಸಲು ವಾರಗಳೇ ಬೇಕು. ಅದಕ್ಕೇ ಫಿಲ್ಟರ್ ಜೋಡಿಸಿದ ವಾರದಲ್ಲೇ ಮೀನು ಬಿಟ್ಟವರ ಟ್ಯಾಂಕ್ ಇಲ್ಲಿ ಬೇಗ ಖಾಲಿಯಾಗುತ್ತದೆ. ಈ ಬ್ಯಾಕ್ಟೀರಿಯಾ ಬೆಳೆಸುವ ಕೆಲಸ ಮೀನು ಬಿಡುವ ಮೊದಲೇ, ಮೀನಿಲ್ಲದ ಟ್ಯಾಂಕಿನಲ್ಲಿ ಮುಗಿಸಿ. 140 ಲೀಟರಿಗೆ 0.9 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿದರೆ ಸುಮಾರು 2 ಪಿಪಿಎಂ (ಲೀಟರಿಗೆ 2 ಮಿ.ಗ್ರಾಂ) ಅಮೋನಿಯಾ ಆಗುತ್ತದೆ. (ಕಲಾಯಿಯವರ ನವಸಾಗರವೂ ಅದೇ ವಸ್ತು, ಆದರೆ ಅದರ ಶುದ್ಧತೆ ಗೊತ್ತಾಗುವುದಿಲ್ಲ, ಬಳಸಬೇಡಿ.) ಅಮೋನಿಯಾ ಇಳಿದಾಗ ಮತ್ತೆ ಹಾಕಿ. ಹಾಕಿದ 24 ತಾಸಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ಫಿಲ್ಟರ್ ತಯಾರು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಡಬ್ಬಿಯ ಮೇಲಿನ 1,000 ಲೀಟರ್ ನಂಬಬೇಡಿ, ಅದು ಮೀಡಿಯಾ (ಒಳಗೆ ತುಂಬುವ ಸ್ಪಂಜ್, ರಿಂಗ್, ಹತ್ತಿ) ಇಲ್ಲದ ಖಾಲಿ ಪಂಪಿನ ಲೆಕ್ಕ. ಹೊರಹರಿವಿನ ಪೈಪನ್ನು ಟ್ಯಾಂಕಿನ ಅಂಚಿನ ಮಟ್ಟದಲ್ಲೇ ಹಿಡಿದು 20 ಲೀಟರಿನ ಬಕೆಟ್ ತುಂಬಿಸಿ, ಮೊಬೈಲಿನಲ್ಲಿ ಸಮಯ ನೋಡಿ. ಹೊಸದರಲ್ಲಿ 110 ಸೆಕೆಂಡ್, ಅಂದರೆ ತಾಸಿಗೆ 650 ಲೀಟರ್. ಎಂಟು ವಾರದ ಮೇಲೆ 170 ಸೆಕೆಂಡ್, ಅಂದರೆ 420ರ ಆಸುಪಾಸು. ತೊಳೆಯುವ ಹೊತ್ತು ಬಂತು ಎಂದು ತಿಳಿಯಲು ಇದಕ್ಕಿಂತ ನಂಬಿಕೆಯ ಗುರುತಿಲ್ಲ. ಇಷ್ಟು ಹೊಲಸು ಮಾಡುವ ಮೀನಿಗೆ 650 ತೀರ ಅಂಚಿನದು. ಹೊಸದಾಗಿ ಕೊಳ್ಳುವವರು 1,400ರದ್ದು ತೊಗೊಳ್ಳಿ.

ಮೀಡಿಯಾ ಹೀಗೆ: ನೀರು ಮೊದಲು ತಾಗುವ ಕಡೆ ದಪ್ಪ ಸ್ಪಂಜ್, ನಡುವೆ ಎರಡು ಬುಟ್ಟಿ ಸೆರಾಮಿಕ್ ರಿಂಗ್, ಕೊನೆಗೆ ಬಿಳಿ ಹತ್ತಿ. ಜೊತೆಗೆ ಬಂದ ಕಾರ್ಬನ್ ಚೀಲ ತೆಗೆದಿಟ್ಟು ಆ ಜಾಗಕ್ಕೂ ರಿಂಗ್ ತುಂಬಿ.

ಇನ್ನು ಕರೆಂಟ್. ಪಂಪು ನಿಂತರೆ ಮುಚ್ಚಿದ ಡಬ್ಬಿಯೊಳಗಿನ ಬ್ಯಾಕ್ಟೀರಿಯಾ ಅಲ್ಲಿರುವ ಆಮ್ಲಜನಕ ಮುಗಿಸಿ ಸಾಯತೊಡಗುತ್ತವೆ. ಕರೆಂಟ್ ಬಂದ ಕೂಡಲೇ ಆ ಕೊಳೆತ ನೀರು ಒಮ್ಮೆಲೇ ಟ್ಯಾಂಕಿಗೆ ಬರುತ್ತದೆ. ಎರಡು ತಾಸು ದಾಟಿದರೆ ತಾನಾಗಿ ಚಾಲೂ ಆಗಲು ಬಿಡದೆ ಪ್ಲಗ್ ಕಿತ್ತಿಡಿ. ಎರಡೂ ಕಾಕ್ ಮುಚ್ಚಿ, ಮುಚ್ಚಳ ಬಿಚ್ಚಿ, ಒಳಗಿನ ನೀರು ಚೆಲ್ಲಿ. ಮೀಡಿಯಾವನ್ನು ಟ್ಯಾಂಕಿನ ನೀರಲ್ಲೇ ಜಾಲಿಸಿ, ತಿರುಗಿ ತುಂಬಿ ಶುರು ಮಾಡಿ. ನಳದ ನೀರಲ್ಲಿ ತೊಳೆದರೆ ಕ್ಲೋರಿನ್ ಉಳಿದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಪಂಪು ಎಳೆಯುವುದು 20 ವ್ಯಾಟ್ ಮಾತ್ರ, ಹಾಗಾಗಿ ಇನ್ವರ್ಟರಿಗೆ ಹಾಕುವುದೇ ಚಲೋ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಮೋಟರು ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ. ಸೈನ್ ವೇವ್ ಇದ್ದರೆ ಚಿಂತೆಯಿಲ್ಲ. ಹೀಟರನ್ನು ಮಾತ್ರ ಆ ಲೈನಿಗೆ ಕೊಡಬೇಡಿ. ಇದರ ಜೊತೆಗೆ ಬ್ಯಾಟರಿ ಏರ್ ಪಂಪಿಗೆ ಜೋಡಿಸಿದ ಒಂದು ಸ್ಪಂಜ್ ಫಿಲ್ಟರ್ ಇರಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನೀರು ಕಾದಾಗ ಅದರಲ್ಲಿ ಕರಗುವ ಆಮ್ಲಜನಕವೇ ಕಡಿಮೆ, ಆಗ ಮೀನು ಉಳಿಸುವುದು ಇದೇ. ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ನಮ್ಮ ಒಣ ಹವೆಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟನ್ನು ಆರ್‌ಒ ನೀರಿನಿಂದ ತುಂಬಿ, ಇಲ್ಲದಿದ್ದರೆ ಸುಣ್ಣದ ಅಂಶ ಏರುತ್ತಲೇ ಹೋಗುತ್ತದೆ.

ಆ ಸುಣ್ಣ ಇಂಪೆಲ್ಲರನ್ನೂ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಬಿಡುವುದಿಲ್ಲ. ಆರನೇ ತಿಂಗಳಿಗೆ ಕರಕರ ಸದ್ದು ಶುರುವಾಯಿತು. ಬಿಚ್ಚಿದರೆ ಅಯಸ್ಕಾಂತದ ಸುತ್ತ ಹಲ್ಲಿನ ಪಾಚಿಯಂಥ ಗಟ್ಟಿ ಬಿಳಿ ಪದರ. ಎರಡು ಇಂಡಿ ಲಿಂಬೆ ಹಿಂಡಿದ ರಸದಲ್ಲಿ ಅರ್ಧ ತಾಸು ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ತೊಳೆದರೆ ಸಾಕು. ಇಂಪೆಲ್ಲರ್ ಕೂರುವ ಸೆರಾಮಿಕ್ ಕಡ್ಡಿ ಸೀಮೆಸುಣ್ಣದಂತೆ ಮುರಿಯುತ್ತದೆ, ನೇರವಾಗಿ ಎಳೆಯಿರಿ, ಬಾಗಿಸಬೇಡಿ. ಮುಚ್ಚಳದ ರಬ್ಬರ್ ರಿಂಗಿಗೆ ವ್ಯಾಸಲಿನ್ ಬೇಡ, ಅದು ರಬ್ಬರನ್ನು ಉಬ್ಬಿಸುತ್ತದೆ. ಸಿಲಿಕಾನ್ ಗ್ರೀಸ್ ಹಚ್ಚಿ.

ಕಲ್ಲನ್ನು ಉಸುಕು ಹಾಕುವ ಮೊದಲೇ ತಳದ ಗಾಜಿನ ಮೇಲೆ, ತೆಳು ಫೋಮ್ ಹಾಸಿ ಕೂರಿಸಿ. ಈ ಮೀನು ಉಸುಕು ತೋಡುತ್ತವೆ, ಮೇಲಿಟ್ಟ ಕಲ್ಲು ಜಾರಿ ಗಾಜು ಒಡೆಯುತ್ತದೆ. ಶಹಾಬಾದಿ ಫರಸಿಯ ತುಣುಕು ಸುಣ್ಣಕಲ್ಲೇ, ಈ ಟ್ಯಾಂಕಿಗೆ ಒಳ್ಳೆಯದು. ಅಂಚು ಮಾತ್ರ ಉಜ್ಜಿಸಿ. ಮೀನಿನಲ್ಲಿ ಯಲ್ಲೋ ಲ್ಯಾಬ್, ಸೌಲೋಸಿ ಸಾಕು, ಒಂದು ಗಂಡಿಗೆ ಮೂರು ಹೆಣ್ಣು. ‘ಮಿಕ್ಸ್ ಆಫ್ರಿಕನ್’ ಎಂದು ಮಾರುವ ಮರಿಗಳಲ್ಲಿ ಪಟ್ಟೆಪಟ್ಟೆಯ ಆರಾಟಸ್ ಇದ್ದರೆ ಬೇಡ, ಬೆಳೆದ ಗಂಡು ಉಳಿದವನ್ನು ಬದುಕಗೊಡುವುದಿಲ್ಲ. ಸ್ಪಿರುಲಿನಾ ಕಾಳು ದಿನಕ್ಕೆರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೊಮ್ಮೆ ಮೂರು ಕೊಡ ನೀರು ಬದಲಿಸಿ.

ಒಂದು ಇಂಪೆಲ್ಲರ್, ಒಂದು ಕಡ್ಡಿ, ಒಂದು ರಬ್ಬರ್ ರಿಂಗನ್ನು ಫಿಲ್ಟರ್ ಕೊಳ್ಳುವ ದಿನವೇ ಜೊತೆಗೆ ತೊಗೊಳ್ಳಿ. ಬೇರೆ ಕಂಪನಿಯದು ಅಳತೆಗೆ ಕೂರುವುದಿಲ್ಲ, ಪಾರ್ಸಲ್ ಬರುವ ನಾಲ್ಕು ದಿನ ಮೀನು ಕಾಯುವುದಿಲ್ಲ.