ಮಾರ್ಫಿನ್ ಮುಂದೆ ಎಲ್ಲಿ ಸಿಗುತ್ತೆ ಅಂತ ಡಿಸ್ಚಾರ್ಜ್ ದಿನವೇ ಕೇಳಿಕೊಳ್ಳಿ

ಮನೆಯಲ್ಲಿ ಕ್ಯಾನ್ಸರ್ ರೋಗಿ ಇದ್ದು, ನೋವಿಗೆ ಮಾರ್ಫಿನ್ ಮಾತ್ರೆ ಶುರುವಾಗಿದ್ದರೆ ಇದನ್ನು ಓದಿ. ಸಾಮಾನ್ಯ ಮೆಡಿಕಲ್ ಶಾಪ್‌ನಲ್ಲಿ ಆ ಮಾತ್ರೆ ಇಟ್ಟಿರುವುದಿಲ್ಲ. ನಮಗೆ ಇದನ್ನು ಯಾರೂ ಹೇಳಲಿಲ್ಲ.

ನಮ್ಮ ದೊಡ್ಡಪ್ಪನಿಗೆ ಬಾಯಿ ಕ್ಯಾನ್ಸರ್. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯವರು ಇನ್ನು ಮನೆಗೆ ಕರ್ಕೊಂಡು ಹೋಗಿ ಅಂದರು. ನಾಲ್ಕು ಗಂಟೆಗೊಮ್ಮೆ 10 ಮಿಲಿಗ್ರಾಂ ಮಾರ್ಫಿನ್ ಬರೆದು, ಸ್ವಲ್ಪ ಮಾತ್ರೆ ಕೊಟ್ಟು ಕಳಿಸಿದರು. ಮಾತ್ರೆ ಇರುವಷ್ಟು ದಿನ ದೊಡ್ಡಪ್ಪ ಗಂಜಿ ಕುಡಿದರು, ನಿದ್ದೆ ಮಾಡಿದರು, ಮೊಮ್ಮಕ್ಕಳನ್ನು ಹತ್ತಿರ ಕೂರಿಸಿಕೊಂಡರು. ಮುಗಿದ ಮೇಲೆ ಎಲ್ಲಿ ತಗೋಬೇಕು? ಡಿಸ್ಚಾರ್ಜ್ ಕಾಗದದಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಮ್ಮ ತಾಲೂಕಿನ ಅಂಗಡಿಗಳಲ್ಲಿ ಚೀಟಿ ತೋರಿಸಿದರೆ ನಮ್ಮನ್ನೇ ಅನುಮಾನದಿಂದ ನೋಡಿದರು. ನರ್ಸಿಂಗ್ ಹೋಮ್ ಡಾಕ್ಟರು "ಅದು ಚಟ ಹಿಡಿಸುತ್ತೆ ಕಣ್ರೀ" ಎಂದು ಬೈದು ಡೈಕ್ಲೋಫೆನಾಕ್ ಅನ್ನೋ ಸಾಮಾನ್ಯ ನೋವಿನ ಇಂಜೆಕ್ಷನ್ ಕೊಟ್ಟರು. ನೋವು ಜಗ್ಗಲಿಲ್ಲ. ಮೇಲಿಂದ ಬೆವರು, ಭೇದಿ, ಚಡಪಡಿಕೆ. ಮಾರ್ಫಿನ್ ಏಕಾಏಕಿ ನಿಂತರೆ ಹೀಗೆಲ್ಲ ಆಗುತ್ತದೆ. ಬಾಯಿ ತೆರೆಯಲಾಗದೆ ದೊಡ್ಡಪ್ಪ ಕೈಸನ್ನೆಯಲ್ಲೇ "ಸಾಕು ಮಾಡಿ" ಎಂದು ಬೇಡಿಕೊಂಡರು. ಅಂಥ ಸ್ಥಿತಿಯಲ್ಲಿರುವ ಮನುಷ್ಯನಿಗೆ ಚಟದ ಮಾತು ಯಾಕೆ, ಹೇಳಿ?

ನನಗೆ ಸಿಟ್ಟು ಬರುವುದು ಇದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಮಾರ್ಫಿನ್ ಇದೆ. ಅದಕ್ಕೆ ಬೇಕಾದ ಅಫೀಮನ್ನು ನಮ್ಮ ದೇಶದಲ್ಲೇ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಲೈಸೆನ್ಸ್ ಪಡೆದು ಬೆಳೆಯುತ್ತಾರೆ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಹಲವು ಲೈಸೆನ್ಸ್‌ಗಳ ಗೋಜಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಇದನ್ನು ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಈಗ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಆಸ್ಪತ್ರೆ ಇದನ್ನು ಇಟ್ಟುಕೊಂಡು ರೋಗಿಗಳಿಗೆ ಕೊಡಬಹುದು. ಆದರೂ ಹೆದರಿಕೆ ಹೋಗಿಲ್ಲ.

ಕೊನೆಗೆ ಮಾತ್ರೆ ಸಿಕ್ಕಿದ್ದು ಬೆಂಗಳೂರಿನ ಇನ್ನೊಂದು ಆಸ್ಪತ್ರೆಯ ಪ್ಯಾಲಿಯೇಟಿವ್ ವಿಭಾಗದಲ್ಲಿ, ಅಂದರೆ ರೋಗಿಯ ನೋವು, ಸಂಕಟ ಕಡಿಮೆ ಮಾಡಿ ನೋಡಿಕೊಳ್ಳುವ ವಿಭಾಗದಲ್ಲಿ. ಅಷ್ಟರಲ್ಲಿ ದೊಡ್ಡಪ್ಪ ಸುಮ್ನೆ ನರಳಿದ್ದರು.

ಹಾಗಾಗಿ ಡಿಸ್ಚಾರ್ಜ್ ಆಗುವಾಗಲೇ ಪಟ್ಟು ಹಿಡಿದು ಕೇಳಿ: ಮುಂದಿನ ಮಾತ್ರೆ ಯಾವ ಆಸ್ಪತ್ರೆಯಲ್ಲಿ ಸಿಗುತ್ತೆ, ರೋಗಿಯೇ ಬರಬೇಕಾ, ಯಾವ ಕಾಗದ ಬೇಕು? ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ವಿಭಾಗ ಇದೆ. ಕರುಣಾಶ್ರಯದಲ್ಲಿ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ. ಫೋನ್ ಮಾಡಿ ವಿಚಾರಿಸಿ. ಇನ್ನೂ ಒಂದು ವಾರದ ಮಾತ್ರೆ ಉಳಿದಿರುವಾಗಲೇ ಹೊರಡಿ. ಭಾನುವಾರ, ಹಬ್ಬದ ರಜೆ ನಡುವೆ ಬಂದರೆ ಕಷ್ಟ. ಮಾರ್ಫಿನ್‌ನಿಂದ ಮಲಬದ್ಧತೆ ಆಗುವುದು ಜಾಸ್ತಿ, ಅದಕ್ಕೂ ಔಷಧಿ ಬರೆಸಿಕೊಳ್ಳಿ. ಡೋಸ್ ಸಾಲದಿದ್ದರೆ ನೀವೇ ಹೆಚ್ಚು ಮಾಡಬೇಡಿ, ಮಾರ್ಫಿನ್ ಬರೆದ ಡಾಕ್ಟರಿಗೇ ಹೇಳಿ.